ಕೆನ್ನೆಯ ಮಚ್ಚೆ: ಹಾಥಾರ್ನನ ಒಂದು ಕಥೆಯೂ ಪರಿಪೂರ್ಣತೆಯ ಹಂಬಲವೂ

ಗಡಿನಾಡಿನ ಕನ್ನಡಿಗರ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಅಮೆರಿಕದ ಕಥೆಗಾರನೊಬ್ಬನ ಮೇಲೆ ಲೇಖನವೇಕೆಂದು ಓದುಗ ಬಂಧುಗಳು ಕೇಳಬಹುದು. ಸಂಘದ ಮಿತ್ರರೂ ಹಾಗೆಯೇ ಕೇಳಿದರು. ಶಾಸನಗಳ ಮೇಲೋ ಶರಣರ ಮೇಲೋ ಬರೆದುಕೊಡಿರೆಂದು ಸೂಚಿಸಿದರು. ಆ ವಿಷಯಗಳನ್ನು ನಮಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿ ಹಲವರಿದ್ದಾರೆ. ನಾವಾದರೋ ಮೂವತ್ತು ವರ್ಷಕ್ಕೂ ಮಿಕ್ಕಿ ಸೊಲ್ಲಾಪುರ ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿ, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಬಿ.ಎ. ತರಗತಿಯಲ್ಲಿದ್ದಾಗ ಓದಿದ ಹದಿನೈದಿಪ್ಪತ್ತು ಪುಟಗಳ ಒಂದು ಕಥೆ ಇಷ್ಟು ವರ್ಷವಾದರೂ ನಮ್ಮ ಬೆನ್ನು ಬಿಟ್ಟಿಲ್ಲ. ಅದರ ಚರಿತ್ರೆಯನ್ನು ಹೇಳಿ, ಅದು ನಮ್ಮ ಬೆನ್ನು ಬಿಡದಿರುವ ಕಾರಣವನ್ನೂ ಕೊನೆಯಲ್ಲಿ ತಿಳಿಸುತ್ತೇವೆ.

ಮೊದಲು ಎಲ್ಲರಿಗೂ ಗೊತ್ತಿರುವ ಒಂದು ಸಂಗತಿಯನ್ನು ನೆನಪಿಸಿಕೊಳ್ಳೋಣ. ನಮ್ಮ ಮನೆಗಳಲ್ಲಿ ಕೂಸಿಗೆ ಎರೆದು, ಧೂಪ ಹಾಕಿ, ಕಾಡಿಗೆ ತೀಡಿದ ಮೇಲೆ ತಾಯಿಯು ಅದೇ ಕಾಡಿಗೆಯಿಂದ ಕೆನ್ನೆಯ ಮೇಲೊಂದು ಕಪ್ಪು ಬೊಟ್ಟನ್ನಿಡುತ್ತಾಳೆ. ದೃಷ್ಟಿಯಾಗಬಾರದೆಂಬುದು ಅದರ ಉದ್ದೇಶ. ದೃಷ್ಟಿಯ ನಂಬಿಕೆ ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. ಚೆಲುವಾದ ಮುಖಕ್ಕೆ ಒಂದು ಕುಂದನ್ನು ಕೈಯಾರೆ ಇಟ್ಟು, ಈಗ ಕೂಸು ಸುರಕ್ಷಿತವೆಂದು ನಿಟ್ಟುಸಿರು ಬಿಡುವ ತಾಯಿಯ ಮನಸ್ಸನ್ನು ಮಾತ್ರ ಗಮನದಲ್ಲಿಟ್ಟುಕೊಳ್ಳೋಣ. ನಾವು ಹೇಳಹೊರಟಿರುವ ಕಥೆಯೂ ಕೆನ್ನೆಯ ಮೇಲಿನ ಒಂದು ಗುರುತಿನದು. ಅಲ್ಲಿ ಆ ಗುರುತನ್ನು ಇಟ್ಟದ್ದು ಪ್ರಕೃತಿ, ಅಳಿಸಹೊರಟವನು ಗಂಡ.

ಕಥೆಗಾರ ಮತ್ತು ಅವನ ಊರು

ನಥಾನಿಯಲ್ ಹಾಥಾರ್ನ್ ಹುಟ್ಟಿದ್ದು 1804ರ ಜುಲೈ 4ರಂದು, ಸೇಲಂ ಎಂಬಲ್ಲಿ. ನಮ್ಮ ತಮಿಳುನಾಡಿನ ಸೇಲಂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬಂದರು ಪಟ್ಟಣ. ತಂದೆ ಹಡಗಿನ ಕಪ್ತಾನ. ಅವನು 1808ರಲ್ಲಿ ದೂರದ ಸುರಿನಾಮಿನಲ್ಲಿ ಜ್ವರದಿಂದ ತೀರಿಕೊಂಡಾಗ ಮಗನಿನ್ನೂ ಹಸುಳೆ. ಮನೆತನ ಹಳೆಯದು, ಹೆಸರುವಾಸಿಯಾದದ್ದು. ಆ ಹೆಸರಿನಲ್ಲಿ ಒಂದು ಕಳಂಕವೂ ಇತ್ತು.

1692ರಲ್ಲಿ ಇದೇ ಸೇಲಂನಲ್ಲಿ ಮಾಟಗಾತಿಯರ ವಿಚಾರಣೆ ನಡೆಯಿತು. 19 ಜನರನ್ನು ಗಲ್ಲಿಗೇರಿಸಲಾಯಿತು. ಅವರಲ್ಲಿ 14 ಮಂದಿ ಹೆಂಗಸರು. ಆರೋಪ ಹೊತ್ತ ಹೆಂಗಸರ ಮೈಮೇಲೆ ಸೈತಾನನ ಗುರುತೇನಾದರೂ ಇದೆಯೇ ಎಂದು ಹುಡುಕಿಸುವುದು ಆ ವಿಚಾರಣೆಯ ಒಂದು ಕ್ರಮವಾಗಿತ್ತು. ಒಂದು ಗಂಟು, ಒಂದು ಮಚ್ಚೆ, ಅಸಹಜವೆನಿಸಿದ ಒಂದು ಚರ್ಮದ ಮಡಿಕೆ ಸಿಕ್ಕರೂ ಸಾಕು, ಅದು ಸಾಕ್ಷ್ಯವಾಗುತ್ತಿತ್ತು. ಆರೋಪಿಗಳನ್ನು ಪ್ರಶ್ನಿಸಿದ ನ್ಯಾಯಾಧಿಕಾರಿಗಳಲ್ಲಿ ಜಾನ್ ಹಾಥಾರ್ನ್ ಎಂಬವನು ಮುಖ್ಯನು. ನಮ್ಮ ಕಥೆಗಾರನಿಗೆ ಅವನು ಮುತ್ತಜ್ಜನ ತಂದೆ. ಮೊಮ್ಮಗನು ಪ್ರಾಯಕ್ಕೆ ಬಂದ ಮೇಲೆ ಮನೆತನದ ಹೆಸರಿನ ಕಾಗುಣಿತದಲ್ಲಿ ಒಂದು ಅಕ್ಷರವನ್ನು ಹೆಚ್ಚಾಗಿ ಸೇರಿಸಿ ಬರೆಯತೊಡಗಿದನು. ಹಿರಿಯರಿಂದ ದೂರ ನಿಲ್ಲುವ ಆಸೆಯೇ ಅದಕ್ಕೆ ಕಾರಣವೆಂದು ಹಲವರು ಊಹಿಸುತ್ತಾರೆ. ಕಥೆ ಬರೆಯುವಾಗ ಆ ವಿಚಾರಣೆಯೇ ಅವನ ಕಣ್ಣಮುಂದಿತ್ತೆಂದು ನಾವು ವಾದಿಸುವುದಿಲ್ಲ. ಆದರೆ ಹೆಣ್ಣಿನ ಮೈಮೇಲಿನ ಗುರುತನ್ನು ಗಂಡಸೊಬ್ಬನು ದುರುಗುಟ್ಟಿ ನೋಡಿದರೆ ಏನಾಗುತ್ತದೆಂಬುದು ಆ ಮನೆತನಕ್ಕೆ ಹೊಸ ವಿಷಯವಾಗಿರಲಿಲ್ಲ.

1842ರ ಜುಲೈ 9ರಂದು ಹಾಥಾರ್ನನು ಸೋಫಿಯಾ ಪೀಬಾಡಿ ಎಂಬ ಚಿತ್ರಕಲಾವಿದೆಯನ್ನು ಮದುವೆಯಾದನು. ದಂಪತಿಗಳು ಕಾಂಕರ್ಡ್ ಎಂಬ ಊರಿನ ಹಳೆಯ ಪಾದ್ರಿಮನೆಯೊಂದನ್ನು ಬಾಡಿಗೆಗೆ ಹಿಡಿದರು. ಅವರು ಬರುವ ಮೊದಲೇ ಹಿತ್ತಲಿನಲ್ಲಿ ಕಾಯಿಪಲ್ಲೆಯ ತೋಟ ಮಾಡಿಕೊಟ್ಟವನು ಹೆನ್ರಿ ಡೇವಿಡ್ ಥೋರೋ, ಮುಂದೆ ಗಾಂಧೀಜಿಯವರು ಮೆಚ್ಚಿದ ಅದೇ ಥೋರೋ. ಈ ಮನೆಯಲ್ಲಿ ಹುಟ್ಟಿದ ಕಥೆಯೇ ‘ದಿ ಬರ್ತ್‌ಮಾರ್ಕ್’, ಎಂದರೆ ‘ಹುಟ್ಟುಮಚ್ಚೆ’. 1843ರ ಮಾರ್ಚ್ ತಿಂಗಳ ‘ದಿ ಪಯೊನಿಯರ್’ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಕವಿ ಜೇಮ್ಸ್ ರಸೆಲ್ ಲೋವೆಲ್ ಸಂಪಾದಕನಾಗಿದ್ದ ಆ ಪತ್ರಿಕೆ ಮೂರೇ ಸಂಚಿಕೆಗಳಲ್ಲಿ ನಿಂತುಹೋಯಿತು, ಕಥೆ ಉಳಿಯಿತು. ಮದುವೆಯಾಗಿ ಎಂಟು ತಿಂಗಳಾಗಿದ್ದ ಗಂಡನೊಬ್ಬನು, ಹೊಸದಾಗಿ ಮದುವೆಯಾದ ಇನ್ನೊಬ್ಬ ಗಂಡನ ಬಗ್ಗೆ ಬರೆದ ಕಥೆಯಿದು ಎಂಬುದನ್ನು ಮರೆಯಬಾರದು.

ಕಥೆಯ ಹಂದರ

ಹದಿನೆಂಟನೆಯ ಶತಮಾನದ ಕೊನೆಯ ಭಾಗ. ಐಲ್ಮರ್ ಎಂಬ ವಿಜ್ಞಾನಿಯು ಪ್ರಯೋಗಶಾಲೆಯ ಹೊಗೆಯನ್ನು ಬಿಟ್ಟು ಹೊರಗೆ ಬಂದು, ಜಾರ್ಜಿಯಾನಾ ಎಂಬ ಸುಂದರಿಯನ್ನು ಮದುವೆಯಾಗುತ್ತಾನೆ. ಅವಳ ಎಡಗೆನ್ನೆಯ ಮೇಲೆ ಪುಟ್ಟ ಕೈಯ ಆಕಾರದ ಒಂದು ಕೆಂಪು ಮಚ್ಚೆ. ಹುಟ್ಟಿದ ಗಳಿಗೆಯಲ್ಲಿ ಯಾವುದೋ ಯಕ್ಷಿಣಿ ಕೆನ್ನೆ ಮುಟ್ಟಿ ಹೋದ ಗುರುತೆಂದು ಅವಳನ್ನು ಮೆಚ್ಚಿದವರು ಹೇಳುತ್ತಿದ್ದರು. ಅಸೂಯೆಯ ಕೆಲವು ಹೆಂಗಸರು ಅದರಿಂದ ರೂಪವೇ ಕೆಟ್ಟಿತೆನ್ನುತ್ತಿದ್ದರು. ಅವಳು ಮಾತ್ರ ಅದನ್ನೊಂದು ಚೆಲುವಿನ ಗುರುತೆಂದೇ ತಿಳಿದು ಬೆಳೆದಿದ್ದಳು.

ಮದುವೆಯಾದ ಕೆಲವೇ ದಿನಗಳಲ್ಲಿ ಐಲ್ಮರನ ಕಣ್ಣು ಆ ಮಚ್ಚೆಯಲ್ಲಿ ನೆಡುತ್ತದೆ. ಬೇರೆ ಯಾವಳ ಮುಖದಲ್ಲಿದ್ದರೂ ಅವನು ಲೆಕ್ಕಿಸುತ್ತಿರಲಿಲ್ಲ. ಅವಳು ಸರ್ವಾಂಗಸುಂದರಿ, ಆದುದರಿಂದಲೇ ಇದೊಂದು ಕುಂದು ಅವನಿಗೆ ಸಹಿಸದಾಗುತ್ತದೆ. ಕ್ರಮೇಣ ಅವನು ಅದರಲ್ಲಿ ಪಾಪ, ರೋಗ, ಮುಪ್ಪು, ಸಾವು ಎಲ್ಲವನ್ನೂ ಕಾಣತೊಡಗುತ್ತಾನೆ. ಇಲ್ಲಿ ಹಾಥಾರ್ನನು ಹೇಳುವ ಒಂದು ಸಣ್ಣ ವಿವರವನ್ನು ನಾವು ತರಗತಿಯಲ್ಲಿ ಓದಿದಾಗ ಗಮನಿಸಿರಲಿಲ್ಲ. ಜಾರ್ಜಿಯಾನಾ ಸಂತೋಷದಿಂದ ಕೆಂಪೇರಿದಾಗ ಮಚ್ಚೆಯು ಆ ಕೆಂಪಿನಲ್ಲಿ ಕರಗಿಹೋಗುತ್ತಿತ್ತು. ಅವಳು ಬಿಳಿಚಿಕೊಂಡಾಗ ಮಾತ್ರ ಎದ್ದು ಕಾಣುತ್ತಿತ್ತು. ಅವಳು ಬಿಳಿಚಿಕೊಳ್ಳುತ್ತಿದ್ದುದೇ ಗಂಡನು ಅಸಹ್ಯದಿಂದ ನೋಡಿದಾಗ. ಅಂದರೆ ಅವನ ನೋಟವೇ ಆ ಮಚ್ಚೆಯನ್ನು ಎತ್ತಿ ತೋರಿಸುತ್ತಿತ್ತು.

ಒಂದು ರಾತ್ರಿ ಅವನಿಗೆ ಕನಸು ಬೀಳುತ್ತದೆ. ತಾನೂ ತನ್ನ ಆಳು ಅಮಿನದಾಬನೂ ಸೇರಿ ಚೂರಿಯಿಂದ ಮಚ್ಚೆಯನ್ನು ಕೀಳುತ್ತಿದ್ದಾರೆ. ಚೂರಿ ಆಳಕ್ಕೆ ಇಳಿದಷ್ಟೂ ಆ ಪುಟ್ಟ ಕೈ ಇನ್ನೂ ಆಳಕ್ಕೆ ಸರಿದು, ಕೊನೆಗೆ ಹೃದಯವನ್ನೇ ಹಿಡಿದುಕೊಂಡಿದೆ. ಕನಸಿನಲ್ಲಿಯೂ ಅವನು ಕೈ ಹಿಂತೆಗೆಯುವುದಿಲ್ಲ.

ಮುಂದಿನದು ಪ್ರಯೋಗಶಾಲೆಯ ಕಥೆ. ಹೆಂಡತಿಯನ್ನು ರಂಜಿಸಲೆಂದು ಅವನು ಕ್ಷಣಾರ್ಧದಲ್ಲಿ ಮಣ್ಣಿನಿಂದ ಒಂದು ಹೂ ಅರಳಿಸುತ್ತಾನೆ. ಅವಳು ಮುಟ್ಟಿದೊಡನೆ ಅದು ಸುಟ್ಟಂತೆ ಕರ್ರಗಾಗುತ್ತದೆ. ಲೋಹದ ಫಲಕದ ಮೇಲೆ ಬೆಳಕಿನಿಂದ ಅವಳ ಚಿತ್ರ ಮೂಡಿಸುತ್ತಾನೆ; ಮುಖವೆಲ್ಲ ಮಸುಕಾಗಿ, ಕೆನ್ನೆಯ ಜಾಗದಲ್ಲಿ ಆ ಕೈ ಮಾತ್ರ ಮೂಡಿರುತ್ತದೆ. ಅವನ ಪ್ರಯೋಗಗಳ ದಿನಚರಿಯನ್ನು ತೆರೆದು ಓದಿದ ಜಾರ್ಜಿಯಾನಾಳಿಗೆ, ಅವನ ದೊಡ್ಡ ಯಶಸ್ಸುಗಳೆಲ್ಲ ಅವನು ಗುರಿಯಿಟ್ಟುದಕ್ಕೆ ಹೋಲಿಸಿದರೆ ಸೋಲುಗಳೇ ಎಂಬುದು ತಿಳಿಯುತ್ತದೆ. ಆದರೂ ಅವಳ ಭಕ್ತಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅಷ್ಟು ಹೊತ್ತಿಗೆ ಅವಳೇ ಆ ಮಚ್ಚೆಯನ್ನು ಗಂಡನಿಗಿಂತ ಹೆಚ್ಚಾಗಿ ದ್ವೇಷಿಸತೊಡಗಿರುತ್ತಾಳೆ. ಅಮಿನದಾಬನು, ಓದುಬರಹವಿಲ್ಲದ, ಕುಲುಮೆಯ ಮಸಿ ಮೆತ್ತಿದ ಆ ಆಳು, ತನ್ನಷ್ಟಕ್ಕೆ ತಾನು ಗೊಣಗುತ್ತಾನೆ: ಇವಳು ತನ್ನ ಹೆಂಡತಿಯಾಗಿದ್ದರೆ ತಾನು ಆ ಮಚ್ಚೆಯನ್ನು ಎಂದೂ ಬಿಟ್ಟುಕೊಡುತ್ತಿರಲಿಲ್ಲವೆಂದು. ಇಡೀ ಕಥೆಯಲ್ಲಿ ವಿವೇಕದ ಮಾತನ್ನು ಆಡಿದವನು ಅವನೊಬ್ಬನೇ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಕೊನೆಗೆ ಅವಳು ಔಷಧಿಯನ್ನು ಕುಡಿದು ನಿದ್ದೆ ಹೋಗುತ್ತಾಳೆ. ಮಚ್ಚೆ ಮೆಲ್ಲಮೆಲ್ಲನೆ ಮಾಸುತ್ತದೆ. ಐಲ್ಮರನು ಗೆದ್ದೆನೆಂದು ಹಿಗ್ಗುತ್ತಾನೆ. ಕಣ್ಣು ತೆರೆದ ಜಾರ್ಜಿಯಾನಾ ಕನ್ನಡಿಯಲ್ಲಿ ನೋಡಿಕೊಂಡು, ಗಂಡನನ್ನು ದೂಷಿಸದೆ, ಕನಿಕರದಿಂದ ಎರಡು ಮಾತಾಡಿ ಪ್ರಾಣ ಬಿಡುತ್ತಾಳೆ. ಮಚ್ಚೆಯ ಕೊನೆಯ ಕೆಂಪು ಅಳಿಯುವುದೂ ಅವಳ ಕೊನೆಯ ಉಸಿರು ಹೋಗುವುದೂ ಒಂದೇ ಗಳಿಗೆಯಲ್ಲಿ.

ಕಥೆ ಹುಟ್ಟಿದ ಕಾಲ

ಇದನ್ನು ವಿಜ್ಞಾನದ ಮೇಲಿನ ದೂರೆಂದು ಓದುವುದು ಸುಲಭ. ನಮ್ಮ ಅಧ್ಯಾಪಕರೂ ಅಂದು ಹಾಗೆಯೇ ಪಾಠ ಹೇಳಿದರು. ಆದರೆ ಕಾಲವನ್ನು ನೋಡಿದರೆ ವಿಷಯ ಬೇರೆಯಾಗಿ ಕಾಣುತ್ತದೆ.

ಕಥೆ ನಡೆಯುವ ಅದೇ ಹದಿನೆಂಟನೆಯ ಶತಮಾನದ ಕೊನೆಯಲ್ಲಿ, 1796ರ ಮೇ ತಿಂಗಳಿನಲ್ಲಿ, ಎಡ್ವರ್ಡ್ ಜೆನ್ನರ್ ಎಂಬ ವೈದ್ಯನು ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಸಿಡುಬಿಗೆ ಮೊದಲ ದೇವಿ ಹಾಕಿದನು. ನಮ್ಮ ಬಾಲ್ಯದಲ್ಲಿ ಮುಖದ ತುಂಬ ಸಿಡುಬಿನ ಕಲೆಗಳಿದ್ದ ಹಿರಿಯರು ಪ್ರತಿ ಓಣಿಯಲ್ಲಿಯೂ ಇದ್ದರು. ಇಂದಿನ ಮಕ್ಕಳು ಅಂಥ ಮುಖವನ್ನೇ ಕಂಡಿಲ್ಲ. 1980ರಲ್ಲಿ ಆ ರೋಗವೇ ಭೂಮಿಯಿಂದ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಪ್ರಕೃತಿ ಕೊಟ್ಟದ್ದನ್ನೆಲ್ಲ ಒಪ್ಪಿಕೊಂಡು ಕೂತಿದ್ದರೆ ಇದಾಗುತ್ತಿರಲಿಲ್ಲ. ಆದುದರಿಂದ ಪ್ರಕೃತಿಯನ್ನು ತಿದ್ದುವುದೆಲ್ಲ ತಪ್ಪೆಂದು ನಾವು ಹೇಳಲಾರೆವು, ಹಾಥಾರ್ನನೂ ಹೇಳಲಿಲ್ಲ. ಜೆನ್ನರನು ಹೋರಾಡಿದ್ದು ಕೊಲ್ಲುವ ರೋಗದೊಂದಿಗೆ. ಐಲ್ಮರನ ಹೆಂಡತಿಗೆ ರೋಗವೇ ಇರಲಿಲ್ಲ.

ಇನ್ನು ಕಥೆ ಬರೆದ 1840ರ ದಶಕಕ್ಕೆ ಬರೋಣ. 1828ರಲ್ಲಿ ಜರ್ಮನಿಯ ವೋಲರನು, ಜೀವಿಗಳ ಮೈಯಲ್ಲಿ ಮಾತ್ರ ಆಗುತ್ತದೆಂದು ತಿಳಿದಿದ್ದ ಯೂರಿಯಾವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ್ದನು. 1839ರಲ್ಲಿ ಫ್ರಾನ್ಸಿನ ಡಗೇರನು ಲೋಹದ ಫಲಕದ ಮೇಲೆ ಬೆಳಕಿನಿಂದ ಚಿತ್ರ ಹಿಡಿಯುವ ಕ್ರಮವನ್ನು ಪ್ರಕಟಿಸಿದ್ದನು. ಐಲ್ಮರನ ಚಿತ್ರ ಬಂದದ್ದು ಅಲ್ಲಿಂದಲೇ. ಹಾಥಾರ್ನನು ತನ್ನ ಕಾಲದ ಬೆರಗನ್ನು ಹಿಂದಿನ ಶತಮಾನಕ್ಕೆ ಒಯ್ದಿಟ್ಟಿದ್ದಾನೆ. ಮನುಷ್ಯನನ್ನೂ ಸಮಾಜವನ್ನೂ ಇದೇ ಬಗೆಯಲ್ಲಿ ತಿದ್ದಿ ಪರಿಪೂರ್ಣ ಮಾಡಬಹುದೆಂಬ ಭರವಸೆ ಅವನ ಸುತ್ತಮುತ್ತ ಹಬ್ಬಿತ್ತು. ಅವನೂ ಅದರಿಂದ ಹೊರತಾಗಿರಲಿಲ್ಲ. 1841ರ ಏಪ್ರಿಲಿನಲ್ಲಿ ಬ್ರೂಕ್ ಫಾರ್ಮ್ ಎಂಬ ಆದರ್ಶ ಗ್ರಾಮಕ್ಕೆ ಸೇರಿ, ತನ್ನ ಉಳಿತಾಯದ ಹಣವನ್ನು ಅದರಲ್ಲಿ ತೊಡಗಿಸಿ, ಗೊಬ್ಬರ ಹೊತ್ತು, ಹಾಲು ಕರೆದು, ನವೆಂಬರ್ ಹೊತ್ತಿಗೆ ಸಾಕೆನಿಸಿ ಹೊರಬಿದ್ದನು. ಅವನ ಕಥೆ ಅಚ್ಚಾದ 1843ರಲ್ಲಿಯೇ ನೆರೆಯ ಚಿಂತಕ ಬ್ರಾನ್ಸನ್ ಆಲ್ಕಾಟ್ ಫ್ರೂಟ್‌ಲ್ಯಾಂಡ್ಸ್ ಎಂಬ ಇನ್ನೊಂದು ವಸಾಹತನ್ನು ಕಟ್ಟಿದನು. ಅಲ್ಲಿ ಹಾಲು, ಮೊಟ್ಟೆ, ಮಾಂಸ ನಿಷಿದ್ಧ. ಕುರಿಗಳಿಂದ ಕಸಿದದ್ದೆಂದು ಉಣ್ಣೆ ನಿಷಿದ್ಧ. ಗುಲಾಮರು ಬೆಳೆದದ್ದೆಂದು ಹತ್ತಿ ನಿಷಿದ್ಧ. ಜೂನಿನಲ್ಲಿ ಆರಂಭವಾದ ಈ ಸ್ವರ್ಗ ಜನವರಿಯ ಚಳಿಗೆ ಮುಗಿಯಿತು.

ಮನೆಯೊಳಗೂ ಒಂದು ಕಾರಣವಿತ್ತು. ಸೋಫಿಯಾ ಚಿಕ್ಕಂದಿನಿಂದ ತೀವ್ರವಾದ ತಲೆನೋವಿನಿಂದ ನರಳಿದವಳು. ನಾನಾ ವೈದ್ಯರ ನಾನಾ ಔಷಧಿಗಳನ್ನು ನುಂಗಿದವಳು. ಮದುವೆಗೆ ಮೊದಲು, 1841ರಲ್ಲಿ, ಆ ಕಾಲದಲ್ಲಿ ಬಹಳ ಪ್ರಚಾರದಲ್ಲಿದ್ದ ಮೆಸ್ಮರಿಸಂ ಎಂಬ ಸಮ್ಮೋಹನ ಚಿಕಿತ್ಸೆಯ ಕಡೆಗೆ ಅವಳ ಮನಸ್ಸು ಹರಿದಾಗ, ಹಾಥಾರ್ನನು ಕಾಗದ ಬರೆದು ಬೇಡವೆಂದು ಬೇಡಿಕೊಂಡನು. ಒಬ್ಬರ ಅಂತರಂಗದ ಗುಡಿಯೊಳಗೆ ಇನ್ನೊಬ್ಬರು ಕೈಹಾಕುವುದು ಅವನಿಗೆ ಸಹಿಸದ ಮಾತಾಗಿತ್ತು.

ಒಂದೇ ಪ್ರಶ್ನೆ, ನಾಲ್ಕು ಕಥೆಗಳು

ಈ ಪ್ರಶ್ನೆಯನ್ನು ಹಾಥಾರ್ನನು ಒಂದೇ ಸಲ ಎತ್ತಿ ಬಿಟ್ಟವನಲ್ಲ. 1837ರ ‘ಡಾಕ್ಟರ್ ಹೈಡೆಗರನ ಪ್ರಯೋಗ’ ಎಂಬ ಕಥೆಯಲ್ಲಿ ನಾಲ್ವರು ಮುದುಕರು ಯೌವನದ ನೀರನ್ನು ಕುಡಿದು, ಹಳೆಯ ಚಪಲಗಳಿಗೇ ಮರಳಿ, ಜಗಳವಾಡಿ ಆ ಪಾತ್ರೆಯನ್ನೇ ಒಡೆದುಕೊಳ್ಳುತ್ತಾರೆ. ಇದು ನಗೆಯ ಕಥೆ. ಕುಡಿದವರು ತಾವೇ ಬಯಸಿ ಕುಡಿದವರು. 1844ರ ‘ರಪ್ಪಚ್ಚೀನಿಯ ಮಗಳು’ ನಗೆಯದಲ್ಲ. ಇಟಲಿಯ ಪಾದುವಾ ನಗರದ ವೈದ್ಯನೊಬ್ಬನು ತನ್ನ ಮಗಳನ್ನು ವಿಷದ ಗಿಡಗಳ ನಡುವೆ ಬೆಳೆಸಿ, ಅವಳ ಉಸಿರೇ ವಿಷವಾಗುವಂತೆ ಮಾಡುತ್ತಾನೆ. ಯಾರೂ ಅವಳಿಗೆ ಕೇಡು ಮಾಡಲಾರದಂತೆ ಬಲಗೊಳಿಸಿದೆನೆಂಬುದು ಅವನ ಸಮರ್ಥನೆ. ಪ್ರಿಯಕರನು ಕೊಟ್ಟ ಪ್ರತಿವಿಷವನ್ನು ಕುಡಿದು ಅವಳು ಸಾಯುತ್ತಾಳೆ. ತಂದೆ ಒಂದು ಬಗೆಯಲ್ಲಿ, ಪ್ರಿಯಕರ ಇನ್ನೊಂದು ಬಗೆಯಲ್ಲಿ ಅವಳನ್ನು ತಿದ್ದಹೊರಟವರು. ಪ್ರಾಣ ಹೋದದ್ದು ಅವಳದು.

ಅದೇ 1844ರ ‘ಸೌಂದರ್ಯದ ಕಲೆಗಾರ’ ಇವೆಲ್ಲಕ್ಕೂ ಉತ್ತರದಂತಿದೆ. ಓವೆನ್ ವಾರ್ಲೆಂಡ್ ಎಂಬ ಗಡಿಯಾರ ರಿಪೇರಿಯವನು ವರ್ಷಗಟ್ಟಲೆ ದುಡಿದು, ನಿಜವಾದದ್ದಕ್ಕಿಂತ ಚೆಲುವಾದ ಒಂದು ಯಂತ್ರದ ಚಿಟ್ಟೆಯನ್ನು ಮಾಡುತ್ತಾನೆ. ಅದನ್ನು ನೋಡಲು ಕೊಟ್ಟಾಗ ಒಂದು ಕೂಸು ಮುಷ್ಟಿಯಲ್ಲಿ ಹಿಚುಕಿಬಿಡುತ್ತದೆ. ಓವೆನ್ ಅಳುವುದಿಲ್ಲ, ಅವನಿಗೆ ಸಿಕ್ಕಬೇಕಾದದ್ದು ಮಾಡುವಾಗಲೇ ಸಿಕ್ಕಿತ್ತು. ಪ್ರಕೃತಿಯನ್ನು ಮೀರಬೇಕೆಂಬ ಹಂಬಲ ಅವನಲ್ಲಿ ಐಲ್ಮರನಷ್ಟೇ ಇತ್ತು. ಆದರೆ ಅವನ ಕೈಯಲ್ಲಿದ್ದದ್ದು ತಂತಿ, ಚಕ್ರ, ಲೋಹ. ಐಲ್ಮರನ ಕೈಯಲ್ಲಿದ್ದದ್ದು ಒಬ್ಬ ಹೆಂಗಸಿನ ಜೀವ. ನಾಲ್ಕೂ ಕಥೆಗಳನ್ನು ಒಟ್ಟಿಗಿಟ್ಟು ನೋಡಿದರೆ ನಮಗೆ ತೋರುವುದಿಷ್ಟು: ಪರಿಪೂರ್ಣತೆಯ ಹಂಬಲವನ್ನು ಹಾಥಾರ್ನನು ಹಳಿಯಲಿಲ್ಲ. ಯಾರ ಮೈಯನ್ನು, ಯಾರ ಮನಸ್ಸನ್ನು ಅದಕ್ಕೆ ಕಚ್ಚಾ ಸಾಮಗ್ರಿಯಾಗಿ ಬಳಸುತ್ತಿದ್ದೀರಿ ಎಂದು ಕೇಳಿದನು.

ಕಥೆಯಿಂದ ಕಾನೂನಿಗೆ

ಇದಾಗಿ ನಾಲ್ಕು ದಶಕಗಳ ಮೇಲೆ, 1883ರಲ್ಲಿ, ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸನು ಮನುಷ್ಯಕುಲವನ್ನೇ ತಳಿ ಸುಧಾರಣೆಯಿಂದ ಉತ್ತಮಗೊಳಿಸುವ ವಿದ್ಯೆಗೆ ‘ಯೂಜೆನಿಕ್ಸ್’ ಎಂದು ಹೆಸರಿಟ್ಟನು. ಅದು ಬೇರೂರಿದ್ದು ಹಾಥಾರ್ನನ ನಾಡಿನಲ್ಲಿ. 1907ರಲ್ಲಿ ಇಂಡಿಯಾನಾ ರಾಜ್ಯವು, ‘ಅಯೋಗ್ಯ’ರೆಂದು ಗುರುತಿಸಿದವರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವ ಕಾನೂನು ತಂದಿತು. 1920ರಲ್ಲಿ ಕ್ಯಾನ್ಸಸ್ ರಾಜ್ಯದ ಜಾತ್ರೆಯೊಂದರಲ್ಲಿ ಉತ್ತಮ ತಳಿಯ ಕುಟುಂಬಗಳ ಸ್ಪರ್ಧೆ ನಡೆಯಿತು. ನಮ್ಮ ಜಾತ್ರೆಗಳ ದನದ ಪೇಟೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡುವಂತೆ, ಅಲ್ಲಿ ಗಂಡ, ಹೆಂಡತಿ, ಮಕ್ಕಳನ್ನು ಪರೀಕ್ಷಿಸಿ ಬಹುಮಾನ ಕೊಟ್ಟರು.

1927ರ ಮೇ ತಿಂಗಳಿನಲ್ಲಿ ವರ್ಜೀನಿಯಾದ ಕ್ಯಾರಿ ಬಕ್ ಎಂಬ ಯುವತಿಯ ಪ್ರಕರಣ ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಅವಳ ತಾಯಿ ಮಂದಬುದ್ಧಿಯವಳು, ಅವಳೂ ಮಂದಬುದ್ಧಿಯವಳು, ಅವಳ ಹಸುಗೂಸೂ ಹಾಗೆಯೇ ಎಂದು ವಾದಿಸಿದ ಸರಕಾರಕ್ಕೆ ಒಂಬತ್ತರಲ್ಲಿ ಎಂಟು ನ್ಯಾಯಮೂರ್ತಿಗಳು ಒಪ್ಪಿಗೆ ಕೊಟ್ಟರು. ಕ್ಯಾರಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಮಂದಬುದ್ಧಿಯದೆಂದು ಹಣೆಪಟ್ಟಿ ಹಚ್ಚಿಸಿಕೊಂಡ ಆ ಕೂಸು ವಿವಿಯನ್ ಮುಂದೆ ಶಾಲೆಗೆ ಸೇರಿದಳು. 1931ರಲ್ಲಿ ಶಾಲೆಯ ಗೌರವ ಪಟ್ಟಿಯಲ್ಲಿ ಅವಳ ಹೆಸರು ಬಂದಿತು. ಮರುವರ್ಷ, ಎಂಟನೆಯ ವಯಸ್ಸಿನಲ್ಲಿ, ಕಾಯಿಲೆಯಿಂದ ತೀರಿಕೊಂಡಳು. ಹಾಜರಿ ಪುಸ್ತಕಗಳ ನಡುವೆ ಜೀವಮಾನ ಕಳೆದ ನಮಗೆ ಈ ಗೌರವ ಪಟ್ಟಿಯ ಸಂಗತಿಯನ್ನು ಓದಿದಾಗ ಆದ ಸಂಕಟ ಹೇಳತೀರದು.

ಅಮೆರಿಕದಲ್ಲಿ ಹೀಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು 60,000ಕ್ಕೂ ಹೆಚ್ಚು. 1933ರಲ್ಲಿ ಹಿಟ್ಲರನ ಜರ್ಮನಿ ಅದೇ ಬಗೆಯ ಕಾನೂನು ತಂದು ನಾಲ್ಕು ಲಕ್ಷದಷ್ಟು ಜನರ ಮೇಲೆ ಪ್ರಯೋಗಿಸಿತು. ಅದರ ಮುಂದಿನ ಅಧ್ಯಾಯಗಳನ್ನು ಜಗತ್ತು ಬಲ್ಲದು. 2002ರ ಜನವರಿಯಲ್ಲಿ, ಜೀವವಿಜ್ಞಾನದ ನೀತಿಯನ್ನು ಕುರಿತು ಅಮೆರಿಕದ ಅಧ್ಯಕ್ಷರಿಗೆ ಸಲಹೆ ನೀಡಲು ನೇಮಕವಾದ ಮಂಡಳಿಯು ತನ್ನ ಮೊದಲ ಸಭೆಯಲ್ಲಿ ಚರ್ಚೆಗೆ ಎತ್ತಿಕೊಂಡದ್ದು ಯಾವ ವೈದ್ಯಕೀಯ ವರದಿಯನ್ನೂ ಅಲ್ಲ, 1843ರ ಈ ‘ಹುಟ್ಟುಮಚ್ಚೆ’ಯನ್ನು. ದೊಡ್ಡ ದೊಡ್ಡ ವಿಜ್ಞಾನಿಗಳೂ ತತ್ತ್ವಜ್ಞಾನಿಗಳೂ ಕುಳಿತು ಒಂದು ಸಣ್ಣಕಥೆಯನ್ನು ವಿದ್ಯಾರ್ಥಿಗಳಂತೆ ಚರ್ಚಿಸಿದರು.

ನಮ್ಮ ಶಾಲೆಯ ಒಂದು ಪ್ರಸಂಗ

ಇನ್ನು ನಾವು ಮೊದಲಿಗೆ ಕೊಟ್ಟ ಮಾತಿಗೆ ಬರುತ್ತೇವೆ. ಐಲ್ಮರನನ್ನು ದೂರದ ದುಷ್ಟನೆಂದು ಓದಿ ಪುಸ್ತಕ ಮುಚ್ಚುವುದು ನಮ್ಮಿಂದಾಗಲಿಲ್ಲ.

ನಾವು ಸಹಶಿಕ್ಷಕರಾಗಿದ್ದ ಕಾಲದಲ್ಲಿ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಅಜ್ಜಿಯಿಂದ ಕೇಳಿದ ಕಥೆಗಳನ್ನು ಹೇಳತೊಡಗಿದರೆ ಮಕ್ಕಳಿರಲಿ, ಹೊರಗೆ ನಿಂತ ಜವಾನನೂ ಕೆಲಸ ಮರೆಯುತ್ತಿದ್ದನು. ಅವಳದು ನಮ್ಮ ಈ ಭಾಗದ ಮಾತು. ‘ಹೋಗ್ಯಾಳ’, ‘ಬಂದಾಳ’, ‘ಖಿಡಕಿ’, ‘ಪಾವಣ್ಯಾರು’ ಎಂದೇ ಕಥೆ ಸಾಗುತ್ತಿತ್ತು. ಕಥೆ ಹೇಳುವ ಸ್ಪರ್ಧೆಯೊಂದಕ್ಕೆ ಅವಳನ್ನು ಕಳಿಸುವುದೆಂದಾಯಿತು. ಗಡಿಯಾಚೆಯಿಂದ ಅತಿಥಿಗಳು ಬರುವವರಿದ್ದರು. ನಮ್ಮ ಮಕ್ಕಳ ಕನ್ನಡವನ್ನು ಅವರು ಹಗುರವಾಗಿ ಕಾಣಬಾರದೆಂಬುದು ನಮ್ಮ ಛಲ. ಇಷ್ಟು ಒಳ್ಳೆಯ ಕಥೆಗಾತಿಗೆ ಇದೊಂದೇ ಕುಂದು, ಅದನ್ನು ತೆಗೆದರೆ ಇವಳಿಗೆ ಸಾಟಿಯಿಲ್ಲ ಎಂದುಕೊಂಡೆವು. ಐಲ್ಮರನು ಅಂದುಕೊಂಡದ್ದೂ ಅದನ್ನೇ.

ಮೂರು ವಾರ ಶಾಲೆ ಬಿಟ್ಟ ಮೇಲೆ ಕೂರಿಸಿಕೊಂಡು ತಿದ್ದಿದೆವು. ‘ಹೋಗ್ಯಾಳ’ ಅಲ್ಲ, ‘ಹೋಗಿದ್ದಾಳೆ’. ‘ಖಿಡಕಿ’ ಅಲ್ಲ, ‘ಕಿಟಕಿ’. ‘ಪಾವಣ್ಯಾರು’ ಅಲ್ಲ, ‘ಅತಿಥಿಗಳು’. ಬೆತ್ತ ಹಿಡಿಯಲಿಲ್ಲ, ಗದರಲೂ ಇಲ್ಲ. ತಪ್ಪಾದಾಗ ಮುಖ ಸ್ವಲ್ಪ ಹುಳ್ಳಗೆ ಮಾಡುತ್ತಿದ್ದೆವು, ಅಷ್ಟೇ. ಸ್ಪರ್ಧೆಯ ದಿನ ಅವಳು ವೇದಿಕೆಯೇರಿ ಹೇಳತೊಡಗಿದಳು. ಪ್ರತಿಯೊಂದು ಪದವೂ ಶುದ್ಧವಾಗಿತ್ತು. ಕಥೆ ಮಾತ್ರ ಇರಲಿಲ್ಲ. ನಡುವೆ ಒಂದು ಪದದ ಬಳಿ ತಡವರಿಸಿ, ಮುಂದಿನ ಸಾಲಿನಲ್ಲಿ ಕುಳಿತಿದ್ದ ನಮ್ಮ ಮುಖವನ್ನು ನೋಡಿದಳು, ಅದು ಹುಳ್ಳಗಾಯಿತೇ ಎಂದು. ಅಲ್ಲಿಗೆ ನಿಂತಳು. ಆಮೇಲೆ ಶಾಲೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಳು. ಕಥೆಯನ್ನು ಮತ್ತೆ ಹೇಳಲಿಲ್ಲ. ನಾಚಿಕೆಯ ಸ್ವಭಾವವೆಂದು ನಾವು ಸಮಾಧಾನ ಮಾಡಿಕೊಂಡೆವು.

ಬಹಳ ವರ್ಷಗಳ ಮೇಲೆ ಅಕ್ಕಲಕೋಟೆಯ ಬಸ್ ನಿಲ್ದಾಣದಲ್ಲಿ ಮಧ್ಯವಯಸ್ಸಿನ ಹೆಣ್ಣುಮಗಳೊಬ್ಬಳು ಕಾಲಿಗೆರಗಿದಳು. ಗುರುತು ಹಿಡಿದೆವು, ಅವಳೇ. ಮಗ ಜೊತೆಗಿದ್ದನು. ಅವಳು ಮರಾಠಿಯಲ್ಲಿ ಮಾತಾಡಿಸಿದಳು. ನಾವು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿಯೇ ಉತ್ತರಿಸಿದಳು. ಮರಾಠಿ ನಮಗೆ ಅನ್ನ ಕೊಟ್ಟ ನಾಡಿನ ನುಡಿ, ಅದರ ಮೇಲೆ ನಮ್ಮ ದೂರಿಲ್ಲ. ಮನೆಯಲ್ಲಿ ಕನ್ನಡ ಆಡುವುದಿಲ್ಲವೇ ಎಂದಾಗ ನಕ್ಕು, ತನ್ನ ಕನ್ನಡ ಶುದ್ಧವಿಲ್ಲ ಗುರುಗಳೇ, ನಿಮ್ಮ ಮುಂದೆ ಹೇಗೆ ಆಡಲಿ ಎಂಬರ್ಥದ ಮಾತು ಹೇಳಿದಳು. ಬಸ್ಸು ಬಂತು, ಹೋದಳು. ಮಗನಿಗೆ ಅಜ್ಜಿಯ ಕಥೆಗಳು ಗೊತ್ತೇ ಎಂದು ಕೇಳಲು ನಮಗೆ ಬಾಯಿ ಬರಲಿಲ್ಲ.

ಆ ರಾತ್ರಿ ಮನೆಗೆ ಬಂದು ಹಾಥಾರ್ನನ ಕಥೆಯನ್ನು ಮತ್ತೆ ತೆಗೆದು ಓದಿದೆವು. ಮಚ್ಚೆಯನ್ನು ಎತ್ತಿ ತೋರಿಸುವುದು ನೋಡುವವನ ನೋಟ ಎಂಬ ವಿವರ ನಮ್ಮ ಕಣ್ಣಿಗೆ ಬಿದ್ದದ್ದು ಅಂದೇ. ಇನ್ನೊಂದು ದಿನ ನಿಘಂಟು ನೋಡುವಾಗ, ನಾವು ಅಷ್ಟು ಕಷ್ಟಪಟ್ಟು ಕಲಿಸಿದ ‘ಕಿಟಕಿ’ಯೂ, ಅವಳ ಬಾಯಿಂದ ಕಿತ್ತೆಸೆದ ‘ಖಿಡಕಿ’ಯೂ ಒಂದೇ ಮೂಲದ ಪದವೆಂದು ತಿಳಿಯಿತು. ಎರಡೂ ಉತ್ತರದ ನುಡಿಗಳಿಂದ ಬಂದವು. ಒಂದು ಪುಸ್ತಕಕ್ಕೆ ಮೊದಲು ಸೇರಿತು, ಇನ್ನೊಂದು ಸೇರಲಿಲ್ಲ, ವ್ಯತ್ಯಾಸವಿಷ್ಟೆ.

ಶಿಷ್ಟ ಕನ್ನಡವನ್ನು ಕಲಿಸಬಾರದೆಂದು ನಾವು ಹೇಳುತ್ತಿಲ್ಲ. ಈ ಲೇಖನವನ್ನೂ ಅದರಲ್ಲಿಯೇ ಬರೆದಿದ್ದೇವೆ. ಪರೀಕ್ಷೆಗೂ ಪತ್ರಿಕೆಗೂ ಅದು ಬೇಕು. ಮಗುವಿಗೆ ಇನ್ನೊಂದು ನುಡಿರೂಪವನ್ನು ಕೊಡುವುದು ಜೆನ್ನರನ ಕೆಲಸ. ಇದ್ದದ್ದನ್ನು ನಾಚಿಕೆಯ ಗುರುತೆಂದು ತೋರಿಸುವುದು ಐಲ್ಮರನ ಕೆಲಸ. ಗಡಿಭಾಗದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಗ್ಗುತ್ತಿರುವ ಈ ಕಾಲದಲ್ಲಿ ಎರಡಕ್ಕೂ ಇರುವ ಅಂತರವನ್ನು ನಮ್ಮಂಥ ಮಾಸ್ತರರೂ ತಂದೆತಾಯಿಗಳೂ ತಿಳಿಯಬೇಕಾಗಿದೆ.

ಈ ಸಮ್ಮೇಳನದ ಮಕ್ಕಳ ಕಥೆ ಹೇಳುವ ಸ್ಪರ್ಧೆಗೆ ನಮ್ಮನ್ನು ತೀರ್ಪುಗಾರರಲ್ಲಿ ಒಬ್ಬರನ್ನಾಗಿ ಸಂಘದವರು ಕರೆದಿದ್ದಾರೆ. ಅಂಕಪಟ್ಟಿಯ ಮಾದರಿಯಲ್ಲಿ ‘ಉಚ್ಚಾರ ಶುದ್ಧಿ’ಗೆ 10 ಅಂಕಗಳಿದ್ದವು. ಆ ಸಾಲನ್ನು ತೆಗೆಯಿರೆಂದು ವಿನಂತಿಸಿದೆವು. ಬಹಳ ಚರ್ಚೆಯಾಗಿ 5ಕ್ಕೆ ಇಳಿಸಿದ್ದಾರೆ. ಆ 5 ಅಂಕಗಳನ್ನು ಬರುವ ಎಲ್ಲ ಮಕ್ಕಳಿಗೂ ಪೂರ್ತಿಯಾಗಿ ಕೊಡುವುದೆಂದು ನಾವು ಈಗಲೇ ನಿಶ್ಚಯಿಸಿಕೊಂಡಿದ್ದೇವೆ. ಮುಂದಿನ ಸಾಲಿನಲ್ಲಿ ಕೂರುವಾಗ ನಮ್ಮ ಮುಖವನ್ನು ಸ್ವಲ್ಪ ಜೋಪಾನವಾಗಿಟ್ಟುಕೊಳ್ಳಬೇಕಾಗಿದೆ.